ಮೂರು ಎಮ್ಮೆ ಹೊತ್ತು

"ನಿಮ್ಮ ಮನಿ ಮಾಳಗಿ ಸೋರೂದಿಲ್ಲ, ಮಂದಿ ಸೋರ್ತಾರ," ಎಂದ ಅಂದಾನಗೌಡ. ತೂಕದ ಅಂಗಳದಲ್ಲಿ ಆಗ ಕಡಿಮೆ ಎಂದರೂ ಅರವತ್ತು ಮಂದಿ ಇದ್ದರು. ಯಾರೂ ಕೂಡಲೇ ನಗಲಿಲ್ಲ. ಎಲ್ಲರೂ ನಿಂತಿದ್ದರು, ನಮ್ಮೂರಲ್ಲಿ ನಿಂತು ನಗುವ ರೂಢಿಯಿಲ್ಲ. ಒಬ್ಬ ಜೋಳದ ಚೀಲದ ಮೇಲೆ ಕೂತ. ಇಬ್ಬರು ಹೆಂಗಸರು ಕಟ್ಟೆ ನೋಡಿಕೊಂಡು ಹೋಗಿ ಕೂತರು. ಮುದುಕನೊಬ್ಬ ಜಾಗ ಸಿಗದೆ ತಕ್ಕಡಿಯ ಕಲ್ಲಿನ ಮೇಲೆ ಕೂತ. ಎಲ್ಲರೂ ಕೂತಾದ ಮೇಲೆ ನಕ್ಕರು. ಅಷ್ಟು ಹೊತ್ತು ಅವರು ಜಾಗ ಹುಡುಕುವುದನ್ನು ನಾನು ನೋಡುತ್ತ ನಿಂತಿದ್ದೆ. ಬೈಗುಳಕ್ಕಿಂತ ಅದೇ ನನ್ನ ನೆತ್ತಿಗೇರಿದ್ದು.

ಗೌಡ ಹಾಗೆ ಅನ್ನಲು ಕಾರಣ ನನ್ನ ಅಕ್ಕ ತುಳಜವ್ವ. ಮೂರನೆಯ ಹೆರಿಗೆಯಾಗಿ ಮೂರು ತಿಂಗಳಿಗೆ ಅಂಗಳದ ಕೆಲಸಕ್ಕೆ ಮರಳಿದ್ದಳು. ಅಂಗಳದಲ್ಲಿ ಚೀಲ ಹೊರುವವರೆಲ್ಲ ಹೆಂಗಸರೇ, ತಲೆಯ ಮೇಲೆ ಸಿಂಬಿ ಇಟ್ಟು ಬಾಗಿಲಿನಿಂದ ತಕ್ಕಡಿಯವರೆಗೆ ಹೊರುತ್ತಾರೆ. ಅವತ್ತು ನಾನು ಕೂಸಿಗೆ ಹಾಲು ಕುಡಿಸಿಕೊಂಡು ಹೋಗಲು ಅದನ್ನು ಎತ್ತಿಕೊಂಡು ಬಂದಿದ್ದೆ. ಕೂಸು ನನ್ನ ಹೆಗಲ ಮೇಲೆ ಅತ್ತಿತು, ತಲೆಯ ಮೇಲೆ ಚೀಲವಿದ್ದ ಅಕ್ಕ ಅದರ ಕಡೆ ತಿರುಗಿದಳು, ತಿರುಗುವಾಗ ಕೆಮ್ಮಿದಳು. ಅವಳ ಹಿಂದೆ ಹಾಸುಗಲ್ಲಿನ ಮೇಲೆ ಅಂಗೈ ಅಗಲದ ಒಂದು ಕಲೆ ನಮ್ಮ ಕಣ್ಣೆದುರೇ ನೀಲಿಯಾಯಿತು.

ನಮ್ಮೂರಿನ ನೆಲವೆಲ್ಲ ಬಿಳಿ ಕಲ್ಲು. ಮನುಷ್ಯರ ಉಚ್ಚೆ ಒಂದು ಹನಿ ಬಿದ್ದರೂ ಅದು ನೀಲಿಯಾಗುತ್ತದೆ, ಒಂಬತ್ತು ದಿನ ನೀಲಿಯಾಗಿಯೇ ಇರುತ್ತದೆ. ತೊಳೆದರೂ ಹೋಗುವುದಿಲ್ಲ, ತಿಕ್ಕಿದರೂ ಹೋಗುವುದಿಲ್ಲ. ದನ, ನಾಯಿ, ಕತ್ತೆ ಎಷ್ಟು ಹೊಯ್ದರೂ ಕಲ್ಲಿಗೆ ಅದರ ಪರಿವೆಯಿಲ್ಲ. ಊರ ಮೂಡಣ ತುದಿಯಲ್ಲಿ ಮಾತ್ರ ಒಂದು ಕೆಮ್ಮಣ್ಣಿನ ಪಟ್ಟಿ ಇದೆ, ಉಚ್ಚೆಯ ಓಣಿ ಅನ್ನುತ್ತೇವೆ, ಎಲ್ಲರೂ ಅಲ್ಲಿಗೇ ಹೋಗಬೇಕು. ಮನೆಯಲ್ಲಿದ್ದರೆ ಹೊಸ್ತಿಲ ಪಕ್ಕದ ಮಣ್ಣಿನ ಕೊಡ. ಕೂಸುಗಳ ಕಲೆಗೆ ನವಿಲು ಎಂದು ಹೆಸರು, ಅದನ್ನು ಯಾರೂ ತುಳಿಯುವುದಿಲ್ಲ, ಸುತ್ತಿ ಹೋಗುತ್ತಾರೆ. ದೊಡ್ಡವರ ಕಲೆಗೆ ಹೆಸರಿಲ್ಲ. ಬೇರೆ ಊರುಗಳಲ್ಲಿ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುತ್ತಾರಂತೆ. ನಮ್ಮಲ್ಲಿ ಬೆಲ್ಲ ಅಷ್ಟೇ. ನೀರು ಕೊಟ್ಟರೆ ಇವರಿಗೆ ನಮ್ಮ ಮೇಲೆ ಏನೋ ಹಗೆ ಇದೆ ಎಂದು ಬಂದವರು ಎದ್ದು ಹೋಗುತ್ತಾರೆ.

ಕೂಸನ್ನು ಕೂತಿದ್ದ ಹೆಂಗಸೊಬ್ಬಳ ತೊಡೆಯ ಮೇಲಿಟ್ಟು ಹೋಗಿ ಗೌಡನ ಕಪಾಳಕ್ಕೆ ಬಾರಿಸಿದೆ. ಅವನು ಅಂಗಳದ ಯಜಮಾನ. ಅವನ ರುಮಾಲು ಹಾರಿ ತಕ್ಕಡಿಯ ತಟ್ಟೆಯೊಳಗೆ ಬಿತ್ತು, ತಟ್ಟೆ ಸ್ವಲ್ಪ ಕೆಳಗಿಳಿಯಿತು. ನನಗೆ ಆಗ ಬಹಳ ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಅಂಗಳದ ಕಟ್ಟಳೆ ಹೀಗಿದೆ. ಮೊದಲನೆಯ ಕಲೆಗೆ ಹೆಸರು ಕೂಗುತ್ತಾರೆ. ಎರಡನೆಯದಕ್ಕೆ ಸಿಂಬಿ ಕಿತ್ತುಕೊಂಡು ಗೋಡೆಗೆ ನೇತು ಹಾಕುತ್ತಾರೆ. ತೊಂಬತ್ತು ದಿನ ಬಿಟ್ಟು ಬಂದು, ಎಲ್ಲರೆದುರು ಅರ್ಧ ಚೀಲ ಹೊತ್ತು ಅಂಗಳ ದಾಟಿ, ಹಿಂದೆ ಕಲ್ಲು ಬೆಳ್ಳಗಿದ್ದರೆ ಸಿಂಬಿ ವಾಪಸು. ಇಲ್ಲದಿದ್ದರೆ ಸುಟ್ಟುಬಿಡುತ್ತಾರೆ, ಆಮೇಲೆ ಆ ಹೆಂಗಸು ಅಂಗಳದ ಬಾಗಿಲು ತುಳಿಯುವಂತಿಲ್ಲ. ಅಕ್ಕನಿಗೆ ಇದು ಎರಡನೆಯ ಕಲೆ. ಅರ್ಧ ಚೀಲವನ್ನು ಅವಳು ಹೇಗಾದರೂ ದಾಟಿಸುತ್ತಿದ್ದಳೋ ಏನೋ. ಆದರೆ ಸಂಜೆ ತೂಕದ ಕಂಟೆಪ್ಪ ಮನೆಗೆ ಬಂದು, ಬೆಲ್ಲವನ್ನೂ ಮುಟ್ಟದೆ, ನೆಲ ನೋಡುತ್ತ ಹೇಳಿದ: ಯಜಮಾನನ ಮೇಲೆ ಕೈ ಮಾಡಿದ ಮನೆಯವಳಾದ್ದರಿಂದ ತುಳಜವ್ವ ಪೂರಾ ಚೀಲ ಹೊರಬೇಕು, ಮೂವತ್ತು ಸೇರು. ಆ ದಿನ ಅಂಗಳದ ಬಾಗಿಲು ಹಾಕುವವರೆಗೆ ಅವಳ ಮನೆಯವರು ಯಾರಾದರೂ ಕೈಯನ್ನಾಗಲಿ ಬಾಯನ್ನಾಗಲಿ ಎತ್ತಿದರೆ ಕಲ್ಲು ಬೆಳ್ಳಗಿದ್ದರೂ ಸಿಂಬಿ ಸುಡುವುದೇ. ಕಂಟೆಪ್ಪ ಒಳ್ಳೆಯವನು. ನಲವತ್ತು ವರ್ಷ ತಕ್ಕಡಿ ಹಿಡಿದು ಒಂದು ಕಾಳು ಆಚೀಚೆ ಮಾಡಿದವನಲ್ಲ. ಹೇಳಿದ್ದು ಹೇಳಿ ಎದ್ದು ಹೋದ.

ಅಕ್ಕ ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ಕೂಸಿನ ಕುಲಾವಿ ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿ ಹೇಳಿದಳು, "ನಿನ್ನ ಒಂದು ಏಟು ಅರ್ಧ ಚೀಲದಷ್ಟು ತೂಗಿತು, ಅಡಿವ್ಯಾ."

ಅವಳಿಗೆ ಹೆದರಿಕೆ ಇದ್ದದ್ದು ಕೂಲಿಯದಲ್ಲ. ಅವಳ ಗಂಡ, ನನ್ನ ಮಾವ, ಕಪ್ಪು ಚಾಪೆ ಹೆಣೆಯುತ್ತಾನೆ, ನಮ್ಮೂರಲ್ಲಿ ಕಪ್ಪು ಚಾಪೆಗೆ ಯಾವತ್ತೂ ಗಿರಾಕಿಗಳುಂಟು, ಮನೆ ನಡೆಯುತ್ತಿತ್ತು. ಹೆದರಿಕೆ ಆ ಚಾಪೆಯದೇ. ಹೆತ್ತು ಹೆತ್ತು ಅಥವಾ ವಯಸ್ಸಾಗಿ ಹಿಡಿತ ತಪ್ಪಿದ ಹೆಂಗಸರು ಒಂದು ದಿನ ಮನೆಯ ಮೂಲೆಯಲ್ಲಿ ನೀಲಿ ಕಾಣದ ಕಪ್ಪು ಚಾಪೆ ಹಾಸಿಕೊಂಡು ಕೂರುತ್ತಾರೆ. ಆಮೇಲೆ ಏಳುವುದಿಲ್ಲ. 'ಚಾಪೆಗೆ ಕೂತಳು' ಎಂದರೆ ಸಾಕು, ಮುಂದೆ ಯಾರೂ ಅವಳ ಸುದ್ದಿ ಕೇಳುವುದಿಲ್ಲ. ನಮ್ಮವ್ವ ಹನ್ನೊಂದು ವರ್ಷ ಕೂತಳು. ಕಾಲು ಗಟ್ಟಿಯಿದ್ದವು, ಕಣ್ಣು ಕಾಣುತ್ತಿದ್ದವು, ಹಾಡು ಬರುತ್ತಿತ್ತು. ಸಂತೆ ನಮ್ಮ ಮನೆಯಿಂದ ಒಂದು ಕೂಗಿನ ದೂರ. ಅಲ್ಲಿಯ ಬದನೆಕಾಯಿ ಹೇಗಿವೆ ಎಂದು ಹನ್ನೊಂದು ವರ್ಷ ನಮ್ಮನ್ನು ಕೇಳುತ್ತ ಕೇಳುತ್ತ ಸತ್ತಳು. ಅಕ್ಕನಿಗೆ ಮೂವತ್ತೊಂದು ವರ್ಷ. ಅಂಗಳ ತಪ್ಪಿದರೆ ಅವಳ ಜಾಗ ಎಲ್ಲಿ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾವ ಮಾತ್ರ ಅವತ್ತು ಅರ್ಧ ಹೆಣೆದಿದ್ದ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಎಸೆದ.

ನಮ್ಮೂರಿಗೆ ಗೊತ್ತಿರುವ ಉಪಾಯ ಎರಡೇ. ಒಂದು, ನೀರು ಕುಡಿಯಬೇಡ. ಎರಡು, ಹೊಸ್ತಿಲು ದಾಟುವ ಮೊದಲು ಬರಲಿ ಬಿಡಲಿ ಹೋಗಿ ಬಾ. ಕಡ್ಡಿಪೆಟ್ಟಿಗೆ ತರಲು ಹೊರಟವನೂ ಮೊದಲು ಕೊಡದ ಹತ್ತಿರ ಹೋಗಿ ಬರುತ್ತಾನೆ. ಶಾಲೆಯಲ್ಲಿ ಮಗ್ಗಿಗಿಂತ ಮೊದಲು ಕಲಿಸುವುದು ಇದನ್ನೇ. ಅಕ್ಕ ಎರಡನ್ನೂ ಹಟ ಹಿಡಿದು ಮಾಡಿದಳು. ಬೆಳಿಗ್ಗೆ ಒಂದು ಗುಟುಕು, ರಾತ್ರಿ ಒಂದು ಗುಟುಕು. ಎಂಟು ದಿನಕ್ಕೆ ತುಟಿ ಒಡೆದವು. ಉಚ್ಚೆ ಕೆಂಪಗಾಗಿ ಉರಿಯುತ್ತಿತ್ತು. ಮೊದಲು ತಾಸಿಗೊಮ್ಮೆ ಕೊಡದ ಕಡೆ ಹೋಗುತ್ತಿದ್ದವಳು ಈಗ ಒಂದು ರೊಟ್ಟಿ ಬಡಿಯುವುದರೊಳಗೆ ಎರಡು ಸಲ ಏಳುತ್ತಿದ್ದಳು, ಹೋದರೆ ನಾಲ್ಕು ಹನಿ. ಕಡೆಗೆ ಎದೆಹಾಲೂ ಬತ್ತಿತು. ಕೂಸು ಹಸಿದು ಅರಚತೊಡಗಿತು. ಹಾಗಾಗಿ ನಾನು ತಂಬಿಗೆ ಹಿಡಿದು ಜೈತುನಬಿಯ ಎಮ್ಮೆ ಹಟ್ಟಿಗೆ ಹೋದದ್ದು.

ಜೈತುನಬಿಗೆ ಎಪ್ಪತ್ತು ದಾಟಿತ್ತು. ಆರು ಹೆತ್ತವಳು. ಆರು ಎಮ್ಮೆಗಳನ್ನು ಅವಳೊಬ್ಬಳೇ ಕರೆಯುತ್ತಿದ್ದಳು. ಲಜ್ಜೆಗೇಡಿ ಮುದುಕಿ ಎಂದು ಊರು ಅವಳನ್ನು ದೂರ ಇಟ್ಟಿತ್ತು, ಹಾಲು ಮಾತ್ರ ತರಿಸಿಕೊಳ್ಳುತ್ತಿತ್ತು. ನಾನು ಹೋದಾಗ ಅವಳು ನಟ್ಟ ನಡು ಹಟ್ಟಿಯಲ್ಲಿ ನಿಂತು, ಯಾರ ಮರೆಯೂ ಇಲ್ಲದೆ, ತಂಬಿಗೆ ಎತ್ತಿ ಗಟಗಟನೆ ನೀರು ಕುಡಿಯುತ್ತಿದ್ದಳು. ನಾನು ಮುಖ ತಿರುಗಿಸಿದೆ. ಅಷ್ಟರಲ್ಲಿ ಎಮ್ಮೆಯೊಂದು ಸಗಣಿ ಮೆತ್ತಿದ ಬಾಲದಿಂದ ಅವಳ ಮುಖಕ್ಕೆ ಬೀಸಿತು. ಮುದುಕಿ ನಕ್ಕಳು. ನಿಂತುಕೊಂಡೇ ನಕ್ಕಳು. ಹೊಟ್ಟೆ ಕುಣಿಯುವಂತೆ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಕೆಮ್ಮು ಬರುವವರೆಗೆ ನಕ್ಕಳು. ದೊಡ್ಡ ಹೆಂಗಸೊಬ್ಬಳು ನಿಂತು ನಗುವುದನ್ನು ನಾನು ಹುಟ್ಟಿ ಇಪ್ಪತ್ಮೂರು ವರ್ಷಕ್ಕೆ ಮೊದಲ ಸಲ ನೋಡಿದೆ. ನನ್ನ ಕಣ್ಣು ತಾನಾಗಿಯೇ ಅವಳ ಕಾಲಬುಡಕ್ಕೆ ಹೋಯಿತು. ಹಾಸುಗಲ್ಲು ಸುಣ್ಣದಷ್ಟು ಬೆಳ್ಳಗಿತ್ತು.

"ನೋಡು ನೋಡು, ನಾಚಬ್ಯಾಡ," ಎಂದಳು ಮುದುಕಿ. "ಒಣಾ ಐತಿ."

ನಾನು ಯಾರ ಹತ್ತಿರವೂ ಬೇಡಿದವನಲ್ಲ. ಅವತ್ತು ಬೇಡಿದೆ. ಅಕ್ಕನ ಕಥೆ ಹೇಳಿದೆ, ಚೀಲದ್ದು ಹೇಳಿದೆ, ನನ್ನ ಕೈಯದ್ದೂ ಹೇಳಿದೆ. ಅವಳು ಹಾಲು ಅಳೆದು ಕೊಟ್ಟು, ನಾಳೆ ಕರೆದುಕೊಂಡು ಬಾ, ಬರುವಾಗ ಕೊಡದ ಹತ್ತಿರ ಹೋಗದೆ ಬರಲಿ, ಎರಡು ಲೋಟ ನೀರು ಕುಡಿದು ಬರಲಿ ಎಂದಳು. ಕೊಲ್ಲಲು ಹೇಳುತ್ತಿದ್ದಾಳೆ ಅನ್ನಿಸಿತು ನನಗೆ.

ಪಾಠ ನಡೆದದ್ದು ಎಮ್ಮೆಯ ಮರೆಯಲ್ಲಿ. ಆ ಕಡೆ ಅಕ್ಕ ಮತ್ತು ಮುದುಕಿ, ಈ ಕಡೆ ನಾನು ಕರು ಹಿಡಿದುಕೊಂಡು, ನಡುವೆ ಕರಿ ಗೋಡೆಯ ಹಾಗೆ ಎಮ್ಮೆ. ಗಂಡಸಿನ ಕಿವಿಗೆ ಬೀಳಬಾರದ ಮಾತು ಎಂದು ಅಕ್ಕ ಗೊಣಗಿದ್ದಕ್ಕೆ, ಕರು ಬಿಟ್ಟು ಹೋದರೆ ಹಾಲು ಯಾರು ಇಳಿಸುತ್ತಾರೆ, ಅವನ ಕಿವಿಗೆ ಎಮ್ಮೆಯ ಹೊಟ್ಟೆ ಅಡ್ಡ ಇದೆ ಬಿಡು ಎಂದಳು ಮುದುಕಿ. ಎಮ್ಮೆಯ ಹೊಟ್ಟೆ ಏನನ್ನೂ ತಡೆಯಲಿಲ್ಲ. ಎಲ್ಲ ಕೇಳಿಸುತ್ತಿತ್ತು.

"ನಾಕ ಮಂದಿ ನಡುವ ಕುಂತಾಗ ಹೊಟ್ಯಾನ ಗಾಳಿ ಬಂದರ ಹೆಂಗ ತಡೀತಿ? ಅದ ಜಾಗಾ. ಅದನ್ನ ಒಳಗ, ಮ್ಯಾಲಕ್ಕ ಎತ್ತು. ಹೊಟ್ಟಿ ಬಿಗೀಬ್ಯಾಡ, ತೊಡಿ ಬಿಗೀಬ್ಯಾಡ, ಹಲ್ಲು ಕಡೀಬ್ಯಾಡ. ಉಸಿರು ಹಿಡೀಬ್ಯಾಡ. ಐದು ಎಣಸು. ಬಿಡು. ಎತ್ತಿದಷ್ಟ ಹೊತ್ತು ಬಿಟ್ಟು ಕುಂಡ್ರು."

ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಚೀಲ ಎತ್ತುವ ಮೊದಲು, ಕೆಮ್ಮುವ ಮೊದಲು, ಸೀನುವ ಮೊದಲು ಒಳಗಿನದನ್ನು ಎತ್ತಿಕೋ, ಆಮೇಲೆ ಏನು ಬೇಕಾದರೂ ಮಾಡು. ಕೊಡದ ಮೇಲೆ ಅರ್ಧ ಕೂತು ಅರ್ಧ ನಿಂತು ಅವಸರ ಮಾಡಬೇಡ, ಪೂರ್ತಿ ಕೂತು ಪೂರ್ತಿ ಬಿಡು, ತಿಣುಕಬೇಡ. ಇನ್ನೂ ತುಂಬದ ಉಚ್ಚೆಯ ಚೀಲವನ್ನು ಮತ್ತೆ ಮತ್ತೆ ಬರಿದು ಮಾಡಿದರೆ ಅದಕ್ಕೆ ತುಂಬುವುದೇ ಮರೆತು ಹೋಗುತ್ತದೆ. ಇಷ್ಟೇ ವಿದ್ಯೆ. ಕಟ್ಟಳೆಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ನಮ್ಮೂರ ಹಿರಿಯರಿಗೆ ಇದು ಗೊತ್ತಿರಲಿಲ್ಲ, ಎಮ್ಮೆ ಕರೆಯುವವಳಿಗೆ ಗೊತ್ತಿತ್ತು.

ಈ ಕಡೆ ಕರುವಿನ ಕೊರಳು ತಬ್ಬಿಕೊಂಡು ನಾನೂ ಎತ್ತಿ ನೋಡಿದೆ. ಯಾಕೆಂದರೆ ನನ್ನದೂ ಒಂದಿತ್ತು. ಆರನೇ ಈಯತ್ತೆಯಲ್ಲಿದ್ದಾಗ ನನ್ನ ಮಣೆಯ ಕೆಳಗೆ ನೀಲಿಯಾಯಿತು. ಮಾಸ್ತರು ಇಡೀ ತರಗತಿಯನ್ನು ಎಬ್ಬಿಸಿ ಅದರ ಸುತ್ತ ನಿಲ್ಲಿಸಿ, ಇದು ಯಾವ ದೇಶದ ನಕಾಶೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ನಾನು ಪಾಟಿಯನ್ನು ಅವರ ಮೊಣಕಾಲಿಗೆ ಹೊಡೆದು ಹೊರಟುಬಂದೆ, ಮತ್ತೆ ಹೋಗಲಿಲ್ಲ. ಸುಣ್ಣದ ಭಟ್ಟಿಯಲ್ಲಿ ಕೆಲಸ ಹಿಡಿದೆ. ಭಟ್ಟಿಯ ನೆಲವೆಲ್ಲ ಬೂದಿ, ಅಲ್ಲಿ ಯಾರ ಗುರುತೂ ಉಳಿಯುವುದಿಲ್ಲ. ಆದರೂ ದಿನಕ್ಕೆ ಇಪ್ಪತ್ತು ಸಲ ಓಣಿಗೆ ಓಡುತ್ತಿದ್ದೆ. ಬೆಂಕಿಯ ಮುಂದೆ ನಿಂತೂ ನೀರು ಕುಡಿಯುತ್ತಿರಲಿಲ್ಲ.

"ಉಸಿರು ಹಿಡೀಬ್ಯಾಡ ಅಂದೆ," ಎಂದಳು ಆ ಕಡೆಯಿಂದ ಜೈತುನಬಿ. "ಇಬ್ಬರಿಗೂ." ನನ್ನ ಕಿವಿ ಕಾದ ಹೆಂಚಾದವು.

ಆಮೇಲೆ ನಾನು ಮಾಡಿದ ತಪ್ಪು ಹೇಳಬೇಕು. ಐದು ಎಣಿಸುವುದರಿಂದ ಮೂವತ್ತು ಸೇರು ಹೇಗೆ ದಾಟುತ್ತದೆ ಎಂದು ನನಗೆ ತಡೆಯಲಾಗಲಿಲ್ಲ. ಐದು ಒಳ್ಳೆಯದಾದರೆ ನೂರು ಇನ್ನೂ ಒಳ್ಳೆಯದಲ್ಲವೇ. ಮನೆಯಲ್ಲಿ ತಟ್ಟೆಗೆ ಚಮಚ ಬಡಿಯುತ್ತ ನಾನು ಎಣಿಸುತ್ತಿದ್ದೆ, ಅಕ್ಕ ರೊಟ್ಟಿ ಬಡಿಯುತ್ತ ಬಿಗಿಹಿಡಿಯುತ್ತಿದ್ದಳು. ನೂರಕ್ಕೆ ಮೊದಲು ಬಿಟ್ಟರೆ ನಾನು ಕೂಗಾಡುತ್ತಿದ್ದೆ. ಸಂತೆಗೆ ಹೋದಾಗ ಬಿಗಿ, ಮಲಗಿದಾಗ ಬಿಗಿ, ಕೂಸನ್ನು ತೂಗುವಾಗ ಬಿಗಿ. ಮುಚ್ಚುವುದನ್ನೇ ಹೊಗಳುವ ಊರಿನಲ್ಲಿ ಹುಟ್ಟಿದವಳು, ಮುಚ್ಚು ಅಂದರೆ ಅವಳಿಗೆ ಎರಡನೆಯ ಮಾತು ಬೇಕಿರಲಿಲ್ಲ. ಹದಿನೈದು ದಿನಕ್ಕೆ ಅವಳ ಸೊಂಟ ಹಿಡಿದುಕೊಂಡಿತು. ಕೊಡದ ಮೇಲೆ ಕೂತರೆ ಬರುವುದೇ ಇಲ್ಲ, ಎದ್ದು ಎರಡು ಹೆಜ್ಜೆ ಇಟ್ಟರೆ ತಾನಾಗಿ ಬರುತ್ತದೆ. ಅಡುಗೆಮನೆಯಲ್ಲಿ ಒಂದೇ ದಿನ ಐದು ಕಲೆ. ಅವಳು ಐದನೆಯದನ್ನು ನೋಡಿ ಅಟ್ಟದ ಕಡೆ ನೋಡಿದಳು. ಚಾಪೆ ಅಲ್ಲಿತ್ತು.

ಹಟ್ಟಿಗೆ ಹೋಗಿ ಮುದುಕಿಯ ಮೇಲೆ ರೇಗಿದೆ. ನಿನ್ನ ವಿದ್ಯೆ ಬರೀ ಬೊಗಳೆ ಎಂದೆ. ಅವಳು ನನ್ನನ್ನು ಎಮ್ಮೆಯ ಕೆಳಗೆ ಕೂರಿಸಿ, ಹಾಲು ಕರಿ ಎಂದಳು. ಮೊಲೆ ಹಿಡಿದು ಹಿಂಡಿದೆ. ಒಂದು ಸೆಳಕು ಬಂತು, ನಿಂತಿತು. ಇನ್ನೂ ಬಿಗಿಯಾಗಿ ಹಿಂಡಿದೆ, ಬರಲಿಲ್ಲ. ಸುಣ್ಣದ ಬಂಡೆ ಒಡೆಯುವ ಕೈ ನನ್ನದು, ಅಷ್ಟೂ ಬಲ ಹಾಕಿದೆ. ಎಮ್ಮೆ ಹಾಲು ಏರಿಸಿಕೊಂಡು ತಂಬಿಗೆಗೆ ಒದ್ದಿತು.

"ಹಿಡಕೊಂಡ ಕುಂತಿಯಲ್ಲೊ, ಬಿಡು. ಬಿಟ್ಟಾಗ ಮೊಲಿ ತುಂಬತೈತಿ, ತುಂಬಿದರ ಮುಂದಿನ ಸೆಳಕು," ಎಂದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿ, "ಮುಚ್ಚೂದು ನಿಮಗ ಊರೆಲ್ಲ ಕಲಸೇತಿ. ನಾ ಕಲಸಾಕ ಹತ್ತಿದ್ದು ಬಿಡೂದು," ಎಂದಳು.

ಅವತ್ತಿನಿಂದ ತಟ್ಟೆ ಚಮಚ ಬಂದ್. ಮುದುಕಿ ಹದಿನೈದು ದಿನ ಅಕ್ಕನಿಗೆ ಎತ್ತುವುದನ್ನೇ ಬಿಡಿಸಿದಳು. ಎಮ್ಮೆಯ ಹೊಟ್ಟೆಗೆ ಬೆನ್ನು ಆನಿಸಿ ಕೂತು, ಅದರ ಉಸಿರಿನ ಜೊತೆ ಉಸಿರು ಬಿಡುತ್ತ, ಸಡಿಲ ಮಾಡುವುದಷ್ಟೇ ಕೆಲಸ. ಅದು ಕಷ್ಟ. ನಾನೂ ಮಾಡಿ ನೋಡಿದ್ದೇನೆ, ಬಂಡೆ ಒಡೆಯುವುದಕ್ಕಿಂತ ಕಷ್ಟ. ಅಕ್ಕನ ಹೆಗಲು ಕಿವಿಯ ಹತ್ತಿರದಿಂದ ಕೆಳಗಿಳಿಯಲು ನಾಲ್ಕು ದಿನ ಬೇಕಾಯಿತು. ಇಳಿದ ದಿನ ಅವಳು ಅತ್ತಳು, ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಜೈತುನಬಿ ಅವಳ ಪಕ್ಕದಲ್ಲೇ ಇನ್ನೊಂದು ಎಮ್ಮೆ ಕರೆಯುತ್ತ ಕೂತಿದ್ದಳು, ಸುಮ್ಮನಿರು ಎಂದು ಹೇಳಲಿಲ್ಲ.

ಆಮೇಲೆ ಮತ್ತೆ ಐದರ ಎಣಿಕೆ ಶುರುವಾಯಿತು, ಎತ್ತು, ಬಿಡು. ಅದರ ಜೊತೆ ತಡೆಯುವ ಪಾಠ. ಹಟ್ಟಿಯಲ್ಲಿ ಗಡಿಯಾರ ಇಲ್ಲ, ಹೊತ್ತಿನ ಅಳತೆ ಎಮ್ಮೆಯದು, ಒಂದನ್ನು ಕರೆದು ಮುಗಿಸುವಷ್ಟು ಹೊತ್ತು ಒಂದು ಎಮ್ಮೆ. ಉಚ್ಚೆಗೆ ಅವಸರವಾದಾಗ ಓಡಬಾರದು, ಇದ್ದಲ್ಲೇ ನಿಲ್ಲಬೇಕು. ಒಳಗೆ ನಾಲ್ಕೈದು ಸಲ ಚಕಚಕ ಎತ್ತಿ ಬಿಡಬೇಕು. ಅವಸರ ಹೊಳೆಯ ಅಲೆಯ ಹಾಗೆ ಏರುತ್ತದೆ, ನೆತ್ತಿಗೆ ಬರುತ್ತದೆ, ಇಳಿಯುತ್ತದೆ. ಇಳಿದ ಮೇಲೆ ನಡೆದುಕೊಂಡು ಹೋಗು, ಏರುವಾಗ ಓಡಿದರೆ ಬಿದ್ದೆ ಎನ್ನುತ್ತಿದ್ದಳು ಮುದುಕಿ. ಮೊದಲು ಅಕ್ಕ ಅರ್ಧ ಎಮ್ಮೆ ಹೊತ್ತು ತಡೆದಳು. ಆಮೇಲೆ ಒಂದು ಎಮ್ಮೆ. ಎರಡನೆಯ ತಿಂಗಳು ಮುಗಿಯುವುದರೊಳಗೆ ಮೂರು ಎಮ್ಮೆ ಕರೆದು ಮುಗಿಯುವವರೆಗೆ ಆರಾಮಾಗಿ ಇರುತ್ತಿದ್ದಳು, ಆಮೇಲೆ ಎದ್ದು ಹೋಗಿ ಬರುತ್ತಿದ್ದಳು. ಹೆಚ್ಚು ತಡೆಯಲು ಮುದುಕಿ ಬಿಡುತ್ತಿರಲಿಲ್ಲ. ಆರು ಎಮ್ಮೆ ತಡೆಯುತ್ತೇನೆ ಎಂದು ಅಕ್ಕ ಒಮ್ಮೆ ಉಮೇದಿ ತೋರಿಸಿದ್ದಕ್ಕೆ, ತಡೆಯುವುದು ಪಂದ್ಯವಲ್ಲ, ತುಂಬಿದರೆ ಹೋಗಬೇಕು, ತುಂಬದಿದ್ದರೆ ಹೋಗಬಾರದು, ಅಷ್ಟೇ ಎಂದಳು.

ನಾನು ಸಿಟ್ಟಿನ ಮನುಷ್ಯ. ಒಂದು ಕೆಲಸ ಒಂದು ಏಟಿಗೆ ಆಗಬೇಕು ನನಗೆ. ಆದ್ದರಿಂದ ಅಕ್ಕನನ್ನು ನೋಡಿ ನನಗೆ ಆದದ್ದನ್ನು ಹೇಗೆ ಹೇಳಲಿ. ಬೆಳಿಗ್ಗೆ ನಾಲ್ಕಕ್ಕೆ ಏಳುವವಳು. ಮೂರು ಮಕ್ಕಳ ಮೈ ತೊಳೆದು, ಹಿಟ್ಟು ನಾದಿ, ರೊಟ್ಟಿ ಬಡಿಯುವಾಗ ಹತ್ತು ಸಲ ಎತ್ತಿ ಬಿಡುತ್ತಿದ್ದಳು. ಪಕ್ಕದಲ್ಲೇ ಕೂತ ಮಾವನಿಗೂ ತಿಳಿಯುತ್ತಿರಲಿಲ್ಲ, ರೊಟ್ಟಿಯ ತಾಳ ತಪ್ಪುತ್ತಿರಲಿಲ್ಲ. ಯಾರೂ ಚಪ್ಪಾಳೆ ಹೊಡೆಯದ, ಹೊರಗೆ ಕಾಣದ, ಹೆಸರು ಹೇಳಲೂ ನಾಚಿಕೆಯಾಗುವ ಒಂದು ಕೆಲಸವನ್ನು ದಿನಕ್ಕೆ ಮೂರು ಹೊತ್ತು, ಒಂದು ಹೊತ್ತೂ ತಪ್ಪದೆ. ನೆಲ ಒಂಬತ್ತು ದಿನದ ಕಲೆಗಳನ್ನು ಒಟ್ಟಿಗೇ ಇಟ್ಟುಕೊಂಡಿರುತ್ತದಲ್ಲ, ನಾನು ದಿನಾ ಅಡುಗೆಮನೆಯ ನೆಲ ಓದುತ್ತಿದ್ದೆ. ಶಾಲೆಯಲ್ಲಿ ಏನನ್ನೂ ಅಷ್ಟು ಶ್ರದ್ಧೆಯಿಂದ ಓದಿದವನಲ್ಲ. ಮೊದಲು ಅಂಗೈ ಅಗಲ. ಆಮೇಲೆ ವೀಳ್ಯದೆಲೆ. ಆಮೇಲೆ ಹುಣಸೆಬೀಜ. ನಡುವೆ ಕೂಸಿಗೆ ಜ್ವರ ಬಂದು ಮೂರು ರಾತ್ರಿ ನಿದ್ದೆಗೆಟ್ಟಾಗ ಮತ್ತೆ ವೀಳ್ಯದೆಲೆ. ಅವಳು ಅದನ್ನು ನೋಡಿ ತಲೆಯಾಡಿಸಿ, ರೊಟ್ಟಿಯ ಹಿಟ್ಟಿಗೆ ನೀರು ಕಾಯಿಸಿದಳು. ಒಂದು ಮಧ್ಯಾಹ್ನ ನಡುವಿನ ಮಗ ಅಪ್ಪನ ರುಮಾಲು ಸುತ್ತಿಕೊಂಡು ಅಂದಾನಗೌಡನ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದು ತೋರಿಸಿದ. ಅಕ್ಕ ನಿಂತಿದ್ದಳು, ನಗು ಜಾರಿ ಬಂದುಬಿಟ್ಟಿತು. ಗೋಡೆ ಹಿಡಿದುಕೊಂಡು ಕೆಳಗೆ ನೋಡಿದಳು. ಕಲ್ಲು ಬೆಳ್ಳಗಿತ್ತು. ಇನ್ನೊಮ್ಮೆ ನಡೀ ಎಂದಳು ಮಗನಿಗೆ.

ಪರೀಕ್ಷೆಯ ದಿನ ಅವಳು ಎರಡು ಲೋಟ ನೀರು ಕುಡಿದು, ಒಮ್ಮೆ ಮಾತ್ರ ಹೋಗಿ ಬಂದು, ಹೊಸ್ತಿಲು ದಾಟಿದಳು. ನನಗೂ ಒಂದು ತಂಬಿಗೆ ನೀರು ಕೊಟ್ಟಳು. ನನ್ನ ಸಂಗತಿ ಅವಳು ಎಂದೂ ವಿಚಾರಿಸಿರಲಿಲ್ಲ, ಆದರೆ ಎಮ್ಮೆಯ ಹೊಟ್ಟೆ ಆ ಕಡೆಯಿಂದಲೂ ಏನನ್ನೂ ತಡೆದಿರಲಿಲ್ಲ ಎಂದು ಆಗ ಗೊತ್ತಾಯಿತು. ನಾನು ಪೂರ್ತಿ ಕುಡಿದೆ. ಜೈತುನಬಿ ಬರಲಿಲ್ಲ, ಎಮ್ಮೆಗಳು ಯಾರ ಪರೀಕ್ಷೆಗೂ ಕಾಯುವುದಿಲ್ಲವಂತೆ.

ಅಂಗಳದ ಬಾಗಿಲಿಗೆ ಬಂದಾಗಲೇ ಮೂಗಿಗೆ ಹತ್ತಿತು. ಮೆಣಸಿನಕಾಯಿ. ನಮ್ಮೂರಲ್ಲಿ ಒಣಮೆಣಸು ತೂಗುವುದು ಊರ ಹೊರಗೆ, ಗಾಳಿ ಊರಿನಿಂದಾಚೆ ಬೀಸುವ ಕಡೆ, ಅದು ಎಲ್ಲರಿಗೂ ಗೊತ್ತಿರುವ ರೂಢಿ. ಅವತ್ತು ಗೌಡ ಹನ್ನೆರಡು ಚೀಲ ಒಣಮೆಣಸನ್ನು ತಕ್ಕಡಿಯ ಪಕ್ಕದಲ್ಲೇ ಇಳಿಸಿ, ಎರಡು ಚೀಲದ ಬಾಯಿ ಬಿಚ್ಚಿಸಿದ್ದ. ಜನ ಮೂಗಿಗೆ ಬಟ್ಟೆ ಹಿಡಿದು ಸುತ್ತಲೂ ಕೂತಿದ್ದರು. ನನ್ನ ಕೈ ಮುಷ್ಟಿಯಾಯಿತು. ಅಕ್ಕ ನನ್ನ ಮುಷ್ಟಿಯನ್ನು ನೋಡಿದಳು. ಬಾಗಿಲು ಹಾಕುವವರೆಗೆ ಕೈಯೂ ಇಲ್ಲ ಬಾಯಿಯೂ ಇಲ್ಲ ಎಂದು ಕಂಟೆಪ್ಪ ಎಲ್ಲರೆದುರು ನನಗೆ ಇನ್ನೊಮ್ಮೆ ನೆನಪಿಸಿದ. ಆಮೇಲೆ ಗೋಡೆಯ ಗೂಟದಿಂದ ಸಿಂಬಿ ಇಳಿಸಿ, ಧೂಳು ಕೊಡವಿ, ಅಕ್ಕನ ತಲೆಯ ಮೇಲೆ ತಾನೇ ಇಟ್ಟ.

ಇಬ್ಬರು ಹೆಂಗಸರು ಚೀಲ ಎತ್ತಿ ಕೊಟ್ಟರು. ಅವಳು ಅದಕ್ಕೂ ಮೊದಲು ಒಳಗೆ ಎತ್ತಿಕೊಂಡದ್ದು ನನಗೆ ಮಾತ್ರ ಗೊತ್ತು, ಮುಖದಲ್ಲಿ ಗೆರೆಯೂ ಅಲುಗಲಿಲ್ಲ. ನಡೆದಳು. ಮೂವತ್ತು ಸೇರಿಗೆ ಅವಳ ಕುತ್ತಿಗೆಯ ನರ ಹುರಿಯಾಗಿದ್ದವು, ಹೆಜ್ಜೆ ಮಾತ್ರ ಸಣ್ಣದು, ಒಂದೇ ಸಮ. ನಡು ಅಂಗಳಕ್ಕೆ ಬಂದಾಗ ನಿಂತಳು. ಮೂಗಿನ ಹೊಳ್ಳೆ ಅರಳಿದವು. ಊರೆಲ್ಲ ಅವಳ ಕಾಲು ನೋಡುತ್ತಿತ್ತು, ನಾನು ಅವಳ ಹೆಗಲು ನೋಡುತ್ತಿದ್ದೆ. ಹೆಗಲು ಮೇಲೇರಲಿಲ್ಲ. ಬಾಯಿಯಿಂದ ಮೆಲ್ಲಗೆ ಉಸಿರು ಬಿಟ್ಟಳು. ಸೀನಿದಳು. ಚೀಲ ತಲೆಯ ಮೇಲೆ ಅಲುಗಾಡಿ ನಿಂತಿತು. ಮತ್ತೆ ಸೀನಿದಳು. ಆಮೇಲೆ ಅಲ್ಲೇ ನಿಂತುಕೊಂಡಳು, ಕೊಡೆ ಹಿಡಿದು ಮಳೆ ನಿಲ್ಲಲು ಕಾಯುವವಳ ಹಾಗೆ. ಅಲೆ ಏರುತ್ತಿದೆ ಎಂದು ನನಗೆ ತಿಳಿಯಿತು. ಅಷ್ಟು ಭಾರ ಹೊತ್ತು, ಅಷ್ಟು ಕಣ್ಣುಗಳ ನಡುವೆ, ಅದು ತಾನಾಗಿ ಇಳಿಯಲಿ ಎಂದು ಕಾಯುವುದೆಂದರೆ ಏನು ಎಂದು ನಾನು ಬರೆದು ತಿಳಿಸಲಾರೆ.

"ನಿಂತಳು. ಆತಲ್ಲ, ಇಳಸ್ರಿ," ಎಂದ ಅಂದಾನಗೌಡ.

"ನಿಲ್ಲಬಾರ್ದು ಅಂತ ಕಟ್ಟಳಿ ಒಳಗ ಇಲ್ಲರಿ ಗೌಡ್ರ," ಎಂದ ಕಂಟೆಪ್ಪ. "ಕಲ್ಲು ಬೆಳ್ಳಗಿರಬೇಕು ಅಂತ ಐತಿ."

ಅರ್ಧ ಎಮ್ಮೆ ಹೊತ್ತು ನಿಂತಿದ್ದಳು ಅವಳು. ಆಮೇಲೆ ಹೊರಟಳು. ನಿಲ್ಲುವ ಮೊದಲು ಇಟ್ಟಂಥದೇ ಹೆಜ್ಜೆ, ಅವಸರವೇ ಇಲ್ಲ. ತಕ್ಕಡಿಯ ತಟ್ಟೆಗೆ ಚೀಲ ಇಳಿಸಿದಾಗ ಅದು ಧಡಕ್ಕನೆ ಬೀಳಲೂ ಇಲ್ಲ. ಕಂಟೆಪ್ಪ ಬಾಗಿಲಿನಿಂದ ತಕ್ಕಡಿಯವರೆಗೆ ಬಗ್ಗಿ ಬಗ್ಗಿ ನಡೆದ. ನಡು ಅಂಗಳದಲ್ಲಿ, ಅವಳು ನಿಂತಿದ್ದ ಕಲ್ಲಿನ ಹತ್ತಿರ, ಮೊಣಕಾಲೂರಿ ಅಂಗೈಯಿಂದ ಮೆಣಸಿನ ಪುಡಿ ಒರೆಸಿ ನೋಡಿದ. ಎದ್ದು ನಿಂತು, ಬೆಳ್ಳಗೈತಿ ಎಂದ. ಹೆಂಗಸರ ಗುಂಪಿನಿಂದ ಒಬ್ಬಳು ಎದ್ದಳು, ಆಮೇಲೆ ಇನ್ನೊಬ್ಬಳು. ಅಕ್ಕನ ಹತ್ತಿರ ಹೋಗಿ ಅದು ಇದು ಮಾತಾಡುವ ನೆವದಲ್ಲಿ ಅವಳ ಕಿವಿಯ ಹತ್ತಿರ ಏನೋ ಕೇಳುತ್ತಿದ್ದರು. ಹಟ್ಟಿಯ ದಾರಿಯ ಕಡೆ ಅಕ್ಕ ಗದ್ದ ಎತ್ತಿ ತೋರಿಸುವುದು ಕಂಡಿತು.

ಬಾಗಿಲು ಹಾಕಲು ಇನ್ನೂ ಹೊತ್ತಿತ್ತು. ಗೌಡನಿಗೂ ಅದು ಗೊತ್ತಿತ್ತು. ಅವನು ಜನರನ್ನು ಸರಿಸಿಕೊಂಡು ನನ್ನ ಮುಂದೆ ಬಂದು ನಿಂತ. ಅವನ ಮುಖದ ಬೆವರು ಕಾಣುವಷ್ಟು ಹತ್ತಿರ. ಎಲ್ಲರಿಗೂ ಕೇಳುವಂತೆ ಹೇಳಿದ, "ಅಕ್ಕ ಹೆಂಗಸಾಗಿ ದಾಟಿದಳು. ನಿಮ್ಮವ್ವ ಹನ್ನೊಂದು ವರ್ಷ ಕೊಳತ ಚಾಪಿ ಹಂಗಾರ ಈಗ ಯಾರ ಪಾಲಿಗಿ? ನಿನಗ ಏನ್ಲೇ, ಭಟ್ಟಿ ಬೂದಿ ಒಳಗ ಉಚ್ಚಿ ಮುಚ್ಚೂ ನಾಯಿ? ಹೇಳು. ಬಾಯಿಲ್ಲೇನು?"

ಸಿಟ್ಟು ಬಂತು. ಅದರ ಹಿಂದೆಯೇ, ಕುಡಿದ ಅಷ್ಟೂ ನೀರಿನ ಜೊತೆ, ಕೆಳಗಿನದೂ ಬಂತು. ಎರಡೂ ಒಟ್ಟಿಗೆ ಏರಿದವು, ಯಾವುದು ಯಾವುದೆಂದು ಬೇರೆ ಮಾಡಲಾರದಷ್ಟು. ನನ್ನ ಕಾಲ ಕೆಳಗೆ ಬಿಳಿ ಕಲ್ಲು. ಎದುರಿಗೆ ಗೌಡನ ಕಪಾಳ, ನನ್ನ ಕೈಗೆ ದಾರಿ ಗೊತ್ತಿರುವ ಜಾಗ. ಅಕ್ಕ ತಕ್ಕಡಿಯ ಪಕ್ಕದಲ್ಲಿ ಸಿಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ನಿಂತೆ. ಎತ್ತಿದೆ, ಬಿಟ್ಟೆ. ಎತ್ತಿದೆ, ಬಿಟ್ಟೆ. ಹಲ್ಲು ಕಡಿಯಲಿಲ್ಲ. ಗೌಡ ಇನ್ನೇನೋ ಅಂದ, ಅದಕ್ಕಿಂತ ಕೆಟ್ಟದ್ದನ್ನೇ ಅಂದಿರಬೇಕು, ನಾನು ಉಸಿರು ಬಿಡುತ್ತಿದ್ದೆ. ನೆತ್ತಿಗೆ ಬಂದದ್ದು ಅಲ್ಲಿ ಸ್ವಲ್ಪ ಹೊತ್ತು ಇತ್ತು. ಪೂರ್ತಿ ಹೋಗಲಿಲ್ಲ, ತಗ್ಗಿತು.

ಗೌಡನನ್ನು ಸುತ್ತಿಕೊಂಡು ಬಾಗಿಲ ಕಡೆ ಹೊರಟೆ. ಅವನು ಹಿಂದಿನಿಂದ ಕೂಗುತ್ತಲೇ ಇದ್ದ. ಉಚ್ಚೆಯ ಓಣಿ ಅಲ್ಲಿಂದ ನೂರಾ ಹತ್ತು ಹೆಜ್ಜೆ. ನಾನು ಓಡಲಿಲ್ಲ.